ಮುಂದೆ ಏನು ಓದಲಿ ಅಂದರೆ ನಾವೇನು ಹೇಳುತ್ತೇವೆ?

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ವಕ್ಕಲೇರಿ ಕಡೆಯ ಒಂದು ಪ್ರೌಢಶಾಲೆಗೆ ಪಾಠ ಅವಲೋಕನಕ್ಕೆ ಹೋಗಿದ್ದೆ. ಹತ್ತನೆಯ ತರಗತಿ, ಸಮಾಜ ವಿಜ್ಞಾನ. ಪ್ರಶಿಕ್ಷಣಾರ್ಥಿ ಪಾಠವನ್ನು ಚೆನ್ನಾಗಿಯೇ ಮಾಡಿದರು. ಪೀಠಿಕೆ ಇತ್ತು, ಪ್ರಶ್ನೆಗಳು ಮಕ್ಕಳ ನಡುವೆ ಹಂಚಿಹೋಗಿದ್ದವು, ಕಪ್ಪು ಹಲಗೆಯ ಬರಹ ನೆಟ್ಟಗಿತ್ತು. ಗಂಟೆ ಹೊಡೆದ ಮೇಲೆ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದು ನಿಂತಳು.

‘ಮಿಸ್, ನಮ್ಮಣ್ಣ ಪಿಯುಸೀಲಿ ಕಂಪ್ಯೂಟರ್ ತಗೋ ಅಂತಾನೆ. ನಂಗೆ ಲಾಯರಾಗ್ಬೇಕು ಅಂತ. ನಮ್ಮಪ್ಪ ಸುಮ್ನೆ ಬಿ.ಎ. ಮಾಡಿ ಟೀಚರಾಗು ಅಂತಾರೆ. ಯಾವ್ದು ತಗೊಳ್ಲಿ ಮಿಸ್?’

ಪ್ರಶಿಕ್ಷಣಾರ್ಥಿ ಚಾರ್ಟು ಸುತ್ತುತ್ತಲೇ ಹೇಳಿದರು: ‘ಈಗ ಕಂಪ್ಯೂಟರ್‌ಗೇ ಸ್ಕೋಪು ಕಣಮ್ಮ. ಚೆನ್ನಾಗಿ ಓದು.’

ಹುಡುಗಿ ತಲೆಯಾಡಿಸಿ ಹೋದಳು. ಆ ಮಾತು ಮುಗಿಯಲು ಹತ್ತು ಸೆಕೆಂಡೂ ಹಿಡಿಯಲಿಲ್ಲ. ನನ್ನ ಕೈಯಲ್ಲಿದ್ದ ಅವಲೋಕನ ಪತ್ರದಲ್ಲಿ ಪೀಠಿಕೆಗೆ ಒಂದು ಕಲಂ, ಪ್ರಶ್ನಿಸುವ ಕೌಶಲಕ್ಕೆ ಒಂದು ಕಲಂ, ಮುಕ್ತಾಯಕ್ಕೂ ಒಂದು ಕಲಂ ಇದ್ದವು. ಈ ಹತ್ತು ಸೆಕೆಂಡಿಗೆ ಮಾತ್ರ ಜಾಗವಿರಲಿಲ್ಲ. ಆವತ್ತು ಆ ಹುಡುಗಿ ಮನೆಗೆ ಒಯ್ದದ್ದು ಆ ಪಾಠವನ್ನೋ ಈ ಉತ್ತರವನ್ನೋ ಎಂದು ಯಾರಾದರೂ ಕೇಳಿದರೆ ನನಗೆ ಅನುಮಾನವೇ ಇಲ್ಲ.

ಪ್ರಶಿಕ್ಷಣಾರ್ಥಿಯನ್ನು ದೂರಲು ನಾನಿದನ್ನು ಬರೆಯುತ್ತಿಲ್ಲ. ದೂರುವ ಯೋಗ್ಯತೆಯೂ ನನಗಿಲ್ಲ. ನಾನು ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಒಂದು ದಿನ ಅವಳು ಅಜ್ಜಿಯ ಜಮೀನಿನ ಪಹಣಿ ಹಿಡಿದುಕೊಂಡು ಬಂದಳು. ತಾತ ತೀರಿಕೊಂಡ ಮೇಲೆ ಪೌತಿ ಖಾತೆ ಆಗಿದೆ, ಮಾವಂದಿರ ಹೆಸರು ಬಂದಿದೆ, ತಾಯಿಯ ಹೆಸರಿಲ್ಲ. ತಹಶೀಲ್ದಾರರಿಗೆ ತಾನೇ ಒಂದು ಅರ್ಜಿ ಬರೆದಿದ್ದಳು. ಅದರಲ್ಲಿ ಕಾಗುಣಿತ ತಪ್ಪಿದ್ದರೆ ತಿದ್ದಿಕೊಡಿ ಎಂದು ಕೇಳಲು ಬಂದಿದ್ದಳು. ನಾನು ಮೂರು ಕಡೆ ಕಾಗುಣಿತ ತಿದ್ದಿದೆ. ಆಮೇಲೆ, ಗಣಿತದಲ್ಲಿ ಅವಳಿಗೆ ತೊಂಬತ್ತರ ಮೇಲೆ ಬರುತ್ತಿದ್ದದ್ದು ನೆನಪಾಗಿ, ‘ಜಾಣೆ ಇದೀಯ, ಸೈನ್ಸ್ ತಗೊಂಡು ಕಂಪ್ಯೂಟರ್ ಮಾಡು’ ಎಂದೆ. ಹದಿನೈದು ವರ್ಷದ ಹುಡುಗಿ ಕಂದಾಯ ದಾಖಲೆಯೊಂದನ್ನು ಓದಿ, ಅದರಲ್ಲಿ ಇರಬೇಕಾದ ಹೆಸರು ಇಲ್ಲವೆಂದು ಕಂಡುಹಿಡಿದು, ಯಾರಿಗೆ ಬರೆಯಬೇಕೆಂದು ವಿಚಾರಿಸಿ ಬರೆದಿದ್ದಳು. ನನ್ನ ಕಣ್ಣಿಗೆ ಬಿದ್ದದ್ದು ಅವಳ ಗಣಿತದ ಅಂಕ ಮಾತ್ರ.

ಅವಳು ಸೈನ್ಸ್ ತೆಗೆದುಕೊಂಡಳು. ಎರಡನೆಯ ಪಿಯುಸಿಯಲ್ಲಿ ಭೌತಶಾಸ್ತ್ರ ಹೋಯಿತು. ಪೂರಕ ಪರೀಕ್ಷೆ ಕಟ್ಟಿ ಪಾಸಾಗಿ ಬಿ.ಸಿ.ಎ. ಮುಗಿಸಿದಳು. ಎಷ್ಟೋ ವರ್ಷಗಳ ನಂತರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಒಂದು ಗ್ರಾಮ ಒನ್ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ಜನರಿಗೆ ಪಹಣಿ, ಜಾತಿ-ಆದಾಯ ಪ್ರಮಾಣಪತ್ರ ತೆಗೆದುಕೊಡುತ್ತಾಳೆ. ಪಹಣಿಯಲ್ಲಿ ತಪ್ಪಿದ್ದರೆ ಏನು ಮಾಡಬೇಕೆಂದು ಜನ ಅವಳನ್ನೇ ಕೇಳುತ್ತಾರಂತೆ. ‘ನೀವು ಹೇಳಿದ್ದು ತಪ್ಪೇನಲ್ಲ ಸಾರ್. ಆದ್ರೆ ನಂಗೇನು ಇಷ್ಟ ಅಂತ ಒಂದು ಮಾತು ಕೇಳಿದ್ರೆ ಚೆನ್ನಾಗಿತ್ತು’ ಎಂದಳು. ಹಾಗೆಯೇ, ‘ಬಿ.ಸಿ.ಎ. ಆದೋರು ಎಲ್‌ಎಲ್.ಬಿ. ಮಾಡಬಹುದಾ ಸಾರ್?’ ಎಂದೂ ಕೇಳಿದಳು. ಮಾಡಬಹುದು. ಯಾವುದೇ ಪದವಿಯ ನಂತರ ಮೂರು ವರ್ಷದ ಎಲ್‌ಎಲ್.ಬಿ. ಇದೆ. ಇಷ್ಟು ಸಣ್ಣ ವಿಷಯವನ್ನು ಅವಳಿಗೆ ಹತ್ತನೆಯ ತರಗತಿಯಲ್ಲೇ ಹೇಳಬಹುದಿತ್ತು. ಆಗ ನನಗೇ ಗೊತ್ತಿರಲಿಲ್ಲ.

ಹಾಗಾಗಿ ನನ್ನ ವಾದ ಇದು: ಮಕ್ಕಳು ‘ಮುಂದೆ ಏನು ಓದಲಿ’ ಎಂದು ಕೇಳಿದಾಗ ಉತ್ತರಿಸುವುದನ್ನು ಬೋಧನಾಭ್ಯಾಸದಲ್ಲಿ ಕಲಿಸಬೇಕು. ಅದನ್ನು ಪಾಠ ಮುಗಿದ ಮೇಲಿನ ಹರಟೆ ಎಂದು ಬಿಡಬಾರದು.

ಪದವಿಯ ಆಯ್ಕೆ ಪಿಯುಸಿ ಮುಗಿದ ಮೇಲೆ ಆಗುತ್ತದೆ, ಅದು ಕಾಲೇಜಿನವರ ಕೆಲಸ ಎಂದು ನಾವು ಅಂದುಕೊಂಡಿದ್ದೇವೆ. ಹಾಗಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಪಿಯು ಕಾಲೇಜಿನ ಅರ್ಜಿಯಲ್ಲಿ ಯಾವ ಕಾಂಬಿನೇಷನ್ ಎಂದು ತುಂಬುತ್ತಾರಲ್ಲ, ಅರ್ಧ ಆಯ್ಕೆ ಅಲ್ಲೇ ಮುಗಿಯಿತು. ಇನ್ಫರ್ಮೇಷನ್ ಸೈನ್ಸ್ ಎಂಜಿನಿಯರಿಂಗ್ ಬೇಕೆಂದರೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು, ಸಿಇಟಿ ಬರೆಯಬೇಕು. ಬಿ.ಸಿ.ಎ.ಗೆ ಅಷ್ಟು ಬಿಗಿ ಇಲ್ಲ. ವಾಣಿಜ್ಯ ವಿಭಾಗದಲ್ಲಿ ಲೆಕ್ಕಶಾಸ್ತ್ರದ ಜೊತೆ ಗಣಕ ವಿಜ್ಞಾನ ಓದಿದವರೂ ಹೋಗುತ್ತಾರೆ, ಆದರೆ ಆಯಾ ವಿಶ್ವವಿದ್ಯಾಲಯದ ನಿಯಮ ನೋಡಿಕೊಳ್ಳಬೇಕು. ಮುಂದೆ ಎಂ.ಸಿ.ಎ.ಗೆ ಬೇರೆ ಪದವಿಯಿಂದ ಬರುವವರಿಗೆ ಸಾಮಾನ್ಯವಾಗಿ ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿದ್ದೀರಾ ಎಂದು ಕೇಳುತ್ತಾರೆ. ಅಂದರೆ ಗಣಿತ ಬಿಟ್ಟ ಮಗುವಿಗೆ ಆ ಕಡೆಯ ಬಾಗಿಲು ಹದಿನಾರನೆಯ ವಯಸ್ಸಿಗೇ ಅರ್ಧ ಮುಚ್ಚಿಕೊಳ್ಳುತ್ತದೆ.

ಕಾನೂನಿನ ಬಾಗಿಲು ಹಾಗಲ್ಲ. ಐದು ವರ್ಷದ ಬಿ.ಎ., ಎಲ್‌ಎಲ್.ಬಿ.ಗೆ ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ಆಗುತ್ತದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಸಾಕು. ಪದವಿ ಮುಗಿಸಿ ಬಂದರೂ ಮೂರು ವರ್ಷದ ಕೋರ್ಸು ಇದೆ. ಬಿ.ಎ.ಗೂ ಯಾವ ವಿಭಾಗದವರಾದರೂ ಬರಬಹುದು. ಆ ಹುಡುಗಿಗೆ ಹೇಳಬೇಕಿದ್ದದ್ದು ಇಷ್ಟೇ: ‘ಈಗ ನೀನು ನಿಜವಾಗಿ ಯೋಚಿಸಬೇಕಾದ್ದು ಗಣಿತ ಇಟ್ಟುಕೊಳ್ಳಲೋ ಬಿಡಲೋ ಅಂತ. ಲಾ ಎಲ್ಲಿಗೂ ಓಡಿಹೋಗಲ್ಲ.’ ಗಣಿತ ಕಷ್ಟವಿಲ್ಲದ, ಆದರೆ ವಕೀಲಿಯ ಆಸೆ ಇರುವ ಮಗುವಿಗೆ ಈ ಒಂದು ಮಾತಿನಿಂದ ಎರಡು ವರ್ಷದ ನಿದ್ದೆ ಉಳಿಯುತ್ತದೆ. ಅಣ್ಣನ ಜೊತೆಗಿನ ಜಗಳವೂ ಉಳಿಯುತ್ತದೆ.

ಇನ್ನು ಅಪ್ಪನ ಮಾತು. ‘ಬಿ.ಎ. ಮಾಡಿ ಟೀಚರಾಗು’ ಎನ್ನುವುದು ನಮ್ಮ ಕಡೆ ಸುರಕ್ಷಿತವಾದ ದಾರಿ ಎಂದು ಹೆಸರಾಗಿದೆ. ಅದರ ಲೆಕ್ಕವನ್ನಾದರೂ ನಾವು ಸರಿಯಾಗಿ ಹೇಳುತ್ತೇವೆಯೇ? ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷ ಆಯಿತು. ಬಿ.ಇಡಿ. 2015ರಿಂದ ಎರಡು ವರ್ಷ. ಬಿ.ಎ. ಮತ್ತು ಬಿ.ಇಡಿ. ಸೇರಿದರೆ ಐದು ವರ್ಷ, ಬಿ.ಎ., ಎಲ್‌ಎಲ್.ಬಿ.ಯೂ ಐದು ವರ್ಷವೇ. ‘ಲಾ ಅಂದ್ರೆ ತುಂಬಾ ವರ್ಷ ಆಗುತ್ತೆ, ಮದುವೆ ವಯಸ್ಸಾಗುತ್ತೆ’ ಎನ್ನುವ ಅಪ್ಪನ ಮುಂದೆ ಈ ಕೂಡುವ ಲೆಕ್ಕವನ್ನು ಇಡಬಹುದು. ಬಿ.ಎ.ಯಲ್ಲಿ ಯಾವ ಐಚ್ಛಿಕ ವಿಷಯ ಆರಿಸಿಕೊಳ್ಳುತ್ತಾಳೆ ಎಂಬುದರ ಮೇಲೆ ಮುಂದೆ ಬಿ.ಇಡಿ.ಯ ಬೋಧನಾ ವಿಷಯ, ಅದರ ಮೇಲೆ ನೇಮಕಾತಿ ನಿಂತಿದೆ ಎನ್ನುವುದನ್ನೂ ಹೇಳಬೇಕು. ಐಚ್ಛಿಕ ವಿಷಯ ಹೊಂದದೆ ಪರದಾಡಿದ ಅನುಭವ ಈ ಪತ್ರಿಕೆ ಓದುವ ಪ್ರಶಿಕ್ಷಣಾರ್ಥಿಗಳಲ್ಲೇ ಕೆಲವರಿಗೆ ಇದ್ದೀತು. ಕಂಪ್ಯೂಟರ್ ಓದಿದರೆ ಟೀಚರಾಗಲು ಬರುವುದೇ ಇಲ್ಲ ಎಂಬ ಮಾತು ಕೂಡ ಪೂರ್ತಿ ನಿಜವಲ್ಲ. ಎನ್‌ಸಿಟಿಇಯ 2014ರ ನಿಯಮದಲ್ಲಿ ವಿಜ್ಞಾನ ಮತ್ತು ಗಣಿತ ವಿಶೇಷ ವಿಷಯವಾಗಿರುವ ಎಂಜಿನಿಯರಿಂಗ್ ಪದವೀಧರರಿಗೆ ಶೇ 55 ಅಂಕವಿದ್ದರೆ ಬಿ.ಇಡಿ. ಸೇರಲು ಅವಕಾಶವಿದೆ.

ಆದರೆ ಇದೆಲ್ಲ ಬಾಗಿಲುಗಳ ಮಾತು. ಬಾಗಿಲಿನ ಒಳಗೆ ಏನಿದೆ ಎನ್ನುವುದು ಮಕ್ಕಳಿಗೂ ಗೊತ್ತಿಲ್ಲ, ನಮ್ಮಲ್ಲಿ ಬಹಳ ಜನಕ್ಕೂ ಗೊತ್ತಿಲ್ಲ. ಕಂಪ್ಯೂಟರ್ ಅಂದರೆ ಬೆಂಗಳೂರಿನ ಗಾಜಿನ ಕಟ್ಟಡ, ಲಾ ಅಂದರೆ ಕರಿ ಕೋಟು, ಬಿ.ಎ. ಅಂದರೆ ಬೇರೆ ಎಲ್ಲೂ ಸೀಟು ಸಿಗದವರು ಹೋಗುವ ಜಾಗ. ಈ ಮೂರು ಚಿತ್ರಗಳನ್ನು ಮಕ್ಕಳಿಗೆ ಕೊಟ್ಟಿರುವುದು ಸಿನಿಮಾ ಮತ್ತು ನೆಂಟರು. ಶಾಲೆ ಬೇರೆ ಚಿತ್ರ ಕೊಡಬೇಕಾದರೆ ಮಕ್ಕಳು ಕೈಯಲ್ಲಿ ಹಿಡಿದು ನೋಡಿದ ವಸ್ತುವಿನಿಂದ ಶುರುಮಾಡಬೇಕು. ನಾನು ಸೂಚಿಸುವುದು ಪಹಣಿಯನ್ನು.

ಪಹಣಿಗಿಂತ ಒಳ್ಳೆಯ ಬೋಧನೋಪಕರಣ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಟೊಮ್ಯಾಟೊ ಬೆಳೆಯುವವರ ಮನೆಯಲ್ಲಿ, ಹಿಪ್ಪುನೇರಳೆ ಹಾಕಿದವರ ಮನೆಯಲ್ಲಿ, ಶ್ರೀನಿವಾಸಪುರದ ಮಾವಿನ ತೋಪಿನವರ ಮನೆಯಲ್ಲಿ, ಬೆಳೆ ಸಾಲಕ್ಕೆಂದೋ ಪರಿಹಾರಕ್ಕೆಂದೋ ಅದರ ಒಂದು ಪ್ರತಿ ಇದ್ದೇ ಇರುತ್ತದೆ. ಸರ್ವೆ ನಂಬರ್, ವಿಸ್ತೀರ್ಣ, ಖರಾಬು, ಒಂಬತ್ತನೆಯ ಕಲಮಿನಲ್ಲಿ ಒಡೆಯರ ಹೆಸರು, ಹನ್ನೆರಡರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ. ಒಂದು ಮಾದರಿ ಪಹಣಿಯನ್ನು, ಹೆಸರುಗಳಿರುವ ಕಡೆ ಕಾಗದ ಅಂಟಿಸಿ, ತರಗತಿಗೆ ತನ್ನಿ. ಮಕ್ಕಳ ಮನೆಯದ್ದನ್ನು ತರಿಸಬೇಡಿ. ಕಾರಣ ಎರಡು. ಮನೆಯ ಜಗಳ ತರಗತಿಗೆ ಬರಬಾರದು. ಜೊತೆಗೆ ಜಮೀನೇ ಇಲ್ಲದ ಮನೆಯ ಮಕ್ಕಳು ಪ್ರತಿ ಬೆಂಚಿನಲ್ಲೂ ಇದ್ದಾರೆ. ಅಂಥ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ಪಡಿತರ ಚೀಟಿ ಇಟ್ಟುಕೊಂಡೂ ಇದೇ ಪಾಠ ಮಾಡಬಹುದು.

ಮೊದಲು ಮಾಹಿತಿ ವ್ಯವಸ್ಥೆಯ ಮಾತು. ಪಹಣಿ ಮೊದಲು ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ಪುಸ್ತಕ ಅವರ ಹತ್ತಿರ, ಬರೆಯುವವರೂ ಅವರೇ, ತಿದ್ದುವವರೂ ಅವರೇ. 2000ದ ಸುಮಾರಿಗೆ ರಾಜ್ಯ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂ ಒಡೆಯರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ತಾಲ್ಲೂಕು ಕಚೇರಿಯಲ್ಲಿ ಕಿಯಾಸ್ಕ್ ಬಂತು, 15 ರೂಪಾಯಿಗೆ ಪ್ರತಿ ಕೈಗೆ ಬಂತು. ಮಕ್ಕಳನ್ನು ಕೇಳಿ: ಇದರಲ್ಲಿ ಕಂಪ್ಯೂಟರ್ ಮಾಡಿದ ಕೆಲಸ ಏನು? ‘ಬೇಗ ಪ್ರಿಂಟ್ ಕೊಡ್ತು’ ಎನ್ನುತ್ತಾರೆ. ಅದು ಸಣ್ಣ ಭಾಗ. ದಾಖಲೆಯನ್ನು ಯಾರು ತಿದ್ದಬಹುದು, ತಿದ್ದಿದವರು ಯಾರೆಂದು ಆಮೇಲೆ ಗೊತ್ತಾಗುವುದು ಹೇಗೆ, ಮೊದಲು ಬಂದ ಅರ್ಜಿಯನ್ನು ಬಿಟ್ಟು ಬೇಕಾದವರ ಅರ್ಜಿಯನ್ನು ಮುಂದೆ ಹಾಕದಂತೆ ತಡೆಯುವುದು ಹೇಗೆ, ಇದನ್ನು ಯೋಚಿಸಿದ್ದೇ ದೊಡ್ಡ ಕೆಲಸ. ಅದಕ್ಕಾಗಿಯೇ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ಮಾಡಿದರು, ಅರ್ಜಿಗಳಿಗೆ ಸರದಿ ಇಟ್ಟರು. ಕೋಡ್ ಬರೆಯುವುದನ್ನು ಈಗ ಯಂತ್ರಗಳೇ ಅಷ್ಟಿಷ್ಟು ಮಾಡುತ್ತಿವೆ. ಈ ಯೋಚನೆಯನ್ನು ಇನ್ನೂ ಮನುಷ್ಯರೇ ಮಾಡಬೇಕು. ಇಂಥ ಗಂಟುಗಳನ್ನು ಬಿಡಿಸುವುದು ಯಾವ ಮಗುವಿಗೆ ಖುಷಿಯೋ ಆ ಮಗು ಆ ಕಡೆ ಹೋಗಲಿ. ಮೊಬೈಲಿನಲ್ಲಿ ಚುರುಕು ಎಂಬುದು ಅದಕ್ಕೆ ಗುರುತಲ್ಲ.

ಕಾನೂನು ಶುರುವಾಗುವುದು ಹೆಸರು ತಪ್ಪಿದಲ್ಲಿ. ಕಂಪ್ಯೂಟರಿಗೆ ತಪ್ಪನ್ನೇ ಹಾಕಿದರೆ ಅದು ತಪ್ಪನ್ನೇ ನೀಟಾಗಿ ಪ್ರಿಂಟ್ ಮಾಡುತ್ತದೆ. ಖಾತೆ ಬದಲಾವಣೆಯ ಆದೇಶ ಸರಿಯಿಲ್ಲ ಅನ್ನಿಸಿದವರು 1964ರ ಭೂಕಂದಾಯ ಕಾಯ್ದೆಯ 136ನೆಯ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಹಕ್ಕು ಯಾರದ್ದು ಎಂಬ ಪ್ರಶ್ನೆಯೇ ಎದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ವಕೀಲರ ದಿನದ ಬಹುಪಾಲು ಇಂಥ ಕಾಗದಗಳನ್ನು ಓದುವುದರಲ್ಲಿ, ಬರೆಯುವುದರಲ್ಲಿ, ದಿನಾಂಕ ತಪ್ಪದಂತೆ ನೋಡಿಕೊಳ್ಳುವುದರಲ್ಲಿ ಹೋಗುತ್ತದೆ. ಸಿನಿಮಾದ ವಾದ ಪ್ರತಿವಾದ ವರ್ಷಕ್ಕೆ ನಾಲ್ಕು ದಿನ ಬಂದರೆ ಹೆಚ್ಚು. ಇದನ್ನು ಕೇಳಿದ ಮೇಲೂ ಆಸೆ ಉಳಿದರೆ ಅದು ಕರಿ ಕೋಟಿನ ಆಸೆ ಅಲ್ಲ, ನಿಜವಾದದ್ದು.

ಹಣದ ಮಾತನ್ನೂ ಹೇಳಿ. ವಕೀಲಿಯಲ್ಲಿ ಮೊದಲ ವರ್ಷಗಳ ಸಂಪಾದನೆ ತೀರಾ ಕಡಿಮೆ. ಸೀನಿಯರ್ ಹತ್ತಿರ ಕಲಿಯುವ ಆ ಕಾಲವನ್ನು ಮನೆ ತಡೆದುಕೊಳ್ಳಬೇಕು. ಪದವಿಯ ನಂತರ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲು ಸಾವಿರಗಟ್ಟಲೆ ಕಟ್ಟಬೇಕಿದ್ದದ್ದನ್ನು ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ತಡೆಯಿತು. ಕಾಯ್ದೆಯಲ್ಲಿರುವಂತೆ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ ಎಂದಿತು. ನ್ಯಾಯಾಧೀಶಳಾಗಬೇಕು ಎನ್ನುವ ಹುಡುಗಿಗೆ ಇನ್ನೊಂದು ವಿಷಯ ತಿಳಿದಿರಲಿ: ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿ ಇರಬೇಕೆಂದು ಅದೇ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಮತ್ತೆ ವಿಧಿಸಿದೆ.

ಇನ್ನು ಬಿ.ಎ. ಇದಕ್ಕೆ ಈಗ ಖಾಸಗಿ ವಿಶ್ವವಿದ್ಯಾಲಯಗಳು ಲಿಬರಲ್ ಆರ್ಟ್ಸ್ ಎಂದು ಹೆಸರಿಟ್ಟು ಲಕ್ಷಗಟ್ಟಲೆ ಶುಲ್ಕ ಕೇಳುತ್ತವೆ. ನಮ್ಮ ಸರ್ಕಾರಿ ಕಾಲೇಜಿನಲ್ಲಿ ಅದೇ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಕ್ಕೆ ಹೋಗುವವರನ್ನು ಕಂಡರೆ ‘ಅಯ್ಯೋ, ಬಿ.ಎ.ನಾ’ ಎನ್ನುತ್ತೇವೆ. (ಎಲ್ಲ ಖಾಸಗಿಯೂ ಒಂದೇ ಅಲ್ಲ. ಸರ್ಜಾಪುರದ ಹತ್ತಿರ ಇರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತದೆ. ಮಾಲೂರಿನ ಮಕ್ಕಳಿಗೆ ಅದು ದೂರವಲ್ಲ, ಹೆಸರು ಕೇಳಿದವರು ಮಾತ್ರ ಕಡಿಮೆ.) ಪಹಣಿಯ ಮುಂದೆ ಬಿ.ಎ. ವಿದ್ಯಾರ್ಥಿ ಕೇಳುವ ಪ್ರಶ್ನೆಯೇ ಬೇರೆ. ಒಂಬತ್ತನೆಯ ಕಲಮಿನಲ್ಲಿ ಹೆಂಗಸರ ಹೆಸರು ಯಾಕಿಷ್ಟು ಕಡಿಮೆ? ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಕಾಯ್ದೆ ಬಂದು ಇಷ್ಟು ವರ್ಷವಾದರೂ ಕಾಗದದಲ್ಲಿ ಹೆಸರು ಯಾಕೆ ಬರಲಿಲ್ಲ? ‘ಅರಿಶಿನ ಕುಂಕುಮಕ್ಕೆ’ ಎಂದು ಹೇಳಿ ಹಕ್ಕು ಬಿಡಿಸಿಕೊಳ್ಳುವ ಪದ್ಧತಿ ಹೇಗೆ ನಡೆಯುತ್ತದೆ? ಇದಕ್ಕೆ ಕಂಪ್ಯೂಟರೂ ಉತ್ತರ ಕೊಡುವುದಿಲ್ಲ, ಕಾಯ್ದೆ ಪುಸ್ತಕವೂ ಕೊಡುವುದಿಲ್ಲ. ಮನೆಮನೆಗೆ ಹೋಗಿ ಕೇಳಿ, ಬರೆದು, ಎಣಿಸಿ ನೋಡಬೇಕು.

ವಕ್ಕಲೇರಿಯ ಮಕ್ಕಳಿಗೆ ಇತಿಹಾಸದ ಕೆಲಸವನ್ನು ತೋರಿಸಲು ಬೇರೆಲ್ಲೂ ಹೋಗಬೇಕಿಲ್ಲ. ಎಂಟನೆಯ ತರಗತಿಯಲ್ಲಿ ಬಾದಾಮಿ ಚಾಲುಕ್ಯರ ಪಾಠ ಬರುತ್ತದೆ. ಆ ಚಾಲುಕ್ಯ ವಂಶದ ಎರಡನೆಯ ಕೀರ್ತಿವರ್ಮನ 757ರ ತಾಮ್ರಪಟ ಸಿಕ್ಕಿದ್ದು ಇದೇ ಊರಿನಲ್ಲಿ. ಇತಿಹಾಸಕಾರರು ಅದನ್ನು ವಕ್ಕಲೇರಿ ತಾಮ್ರಪಟ ಎಂದೇ ಕರೆಯುತ್ತಾರೆ. ಅವನ ತಂದೆ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಊರನ್ನು ಹಾಳುಮಾಡದೆ, ಅಲ್ಲಿನ ರಾಜಸಿಂಹೇಶ್ವರ ದೇವಾಲಯಕ್ಕೆ ಚಿನ್ನವನ್ನು ಹಿಂದಿರುಗಿಸಿದ ಎಂಬ ಸಂಗತಿಗೆ ಅದು ಮುಖ್ಯ ಆಧಾರಗಳಲ್ಲಿ ಒಂದು. ಆದರೆ ಆ ತಾಮ್ರಪಟ ಮೂಲತಃ ಒಂದು ದಾನದ ಕಾಗದ, ಅಂದರೆ ಆ ಕಾಲದ ಜಮೀನಿನ ದಾಖಲೆ. ದಾನ ಕೊಟ್ಟ ಊರು ಹಾನಗಲ್ಲು ಕಡೆಯದು. ಅಷ್ಟು ದೂರದ ಊರಿನ ಕಾಗದ ಕೋಲಾರದ ಈ ಊರಿಗೆ ಯಾಕೆ ಬಂತು ಎಂದು ಎಂಟನೆಯ ತರಗತಿಯವರನ್ನು ಕೇಳಿ ನೋಡಿ. ಸಂಬಂಧ, ಮದುವೆ, ವಲಸೆ, ಕಳ್ಳತನ ಎಂದು ಹತ್ತು ಊಹೆ ಬರುತ್ತವೆ. ಪ್ರತಿ ಊಹೆಗೂ ‘ಅದನ್ನು ಹೇಗೆ ಸಾಬೀತು ಮಾಡ್ತೀಯ?’ ಎಂದು ಕೇಳಿದರೆ ಬಿ.ಎ.ಯಲ್ಲಿ ಇತಿಹಾಸ ಓದುವುದು ಅಂದರೆ ಏನೆಂದು ಗೊತ್ತಾಗುತ್ತದೆ. ನಾನು ನೋಡಿದ ಚಾಲುಕ್ಯರ ಪಾಠಗಳಲ್ಲಿ ಬಾದಾಮಿ, ಐಹೊಳೆಯ ಚಿತ್ರಗಳು ಇರುತ್ತವೆ. ವಕ್ಕಲೇರಿಯ ಹೆಸರು ವಕ್ಕಲೇರಿಯ ತರಗತಿಯಲ್ಲೇ ಬರುವುದಿಲ್ಲ.

ನಮಗೆ ಇನ್ನೊಂದು ಚಾಳಿ ಇದೆ, ದೊಡ್ಡವರ ಉದಾಹರಣೆ ಕೊಡುವುದು. ಮುಳಬಾಗಿಲಿನ ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ಪಾಸಾಗದೆ ಅಷ್ಟು ದೊಡ್ಡವರಾದರು ಎನ್ನುತ್ತೇವೆ. ಮಾಲೂರು ತಾಲ್ಲೂಕಿನ ಮಾಸ್ತಿಯವರು 1914ರಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು ಎನ್ನುತ್ತೇವೆ. ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಕಾನೂನು ಓದಿ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು ಎನ್ನುತ್ತೇವೆ. ಎಲ್ಲವೂ ನಿಜ, ಎಲ್ಲವೂ ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಮೂರನೆಯ ಬೆಂಚಿನ ಹುಡುಗಿಗೆ ಇದರಿಂದ ತಿಳಿಯುವುದು ಏನೂ ಇಲ್ಲ. ಈ ಮೂವರಲ್ಲಿ ಒಬ್ಬರು ಪದವಿಯೇ ಇಲ್ಲದೆ, ಒಬ್ಬರು ಸಾಹಿತ್ಯ ಓದಿ, ಒಬ್ಬರು ಕಾನೂನು ಓದಿ ಬೆಳೆದರು. ಯಾವ ವಾದಕ್ಕೆ ಬೇಕಾದರೂ ಒಬ್ಬರು ಸಿಗುತ್ತಾರೆ. ಮಗುವಿಗೆ ಬೇಕಾದದ್ದು ಪಕ್ಕದ ಬೀದಿಯಲ್ಲಿ ಬಿ.ಸಿ.ಎ. ಮಾಡಿದ ಅಕ್ಕನ ದಿನ ಹೇಗೆ ಕಳೆಯುತ್ತದೆ, ಕೋಲಾರದ ನ್ಯಾಯಾಲಯದಲ್ಲಿ ಜೂನಿಯರ್ ಆಗಿರುವ ಅಣ್ಣ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ ಹತ್ತುತ್ತಾನೆ ಎನ್ನುವುದು.

ನಮ್ಮ ಕಡೆಯ ಮಕ್ಕಳ ವಿಷಯದಲ್ಲಿ ಮರೆಯಬಾರದ ಸಂಗತಿಗಳು ಬೇರೆ ಇವೆ. ಬಹಳ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತಾರೆ, ಪದವಿಗೆ ಹೋದಾಗ ಪುಸ್ತಕವೆಲ್ಲ ಇಂಗ್ಲಿಷ್. ಬಿ.ಸಿ.ಎ.ಯಲ್ಲಿ ಫೇಲಾದ ಎಷ್ಟೋ ಮಕ್ಕಳು ಫೇಲಾದದ್ದು ಇಂಗ್ಲಿಷಿನಲ್ಲಿ, ಕಂಪ್ಯೂಟರಿನಲ್ಲಿ ಅಲ್ಲ ಎಂದು ನನ್ನ ನಂಬಿಕೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಸೇರಲು ಬರೆಯುವ ಪರೀಕ್ಷೆಯೂ ಇಂಗ್ಲಿಷಿನಲ್ಲೇ ಇರುತ್ತದೆ. ಆದರೆ ತಾಲ್ಲೂಕಿನ ನ್ಯಾಯಾಲಯದಲ್ಲಿ ನಡೆಯುವ ಕೆಲಸಕ್ಕೆ ಗಟ್ಟಿಯಾದ ಕನ್ನಡ ಬೇಕು. ತೆಲುಗು ಬಂದರೆ ಕಕ್ಷಿದಾರರ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಮ್ಮ ಮಕ್ಕಳು ಕೊರತೆ ಎಂದುಕೊಂಡದ್ದು ಅಲ್ಲಿ ಬಂಡವಾಳ. ಇದನ್ನು ಅವರಿಗೆ ಯಾರೂ ಹೇಳಿಲ್ಲ.

ಎರಡನೆಯದು ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳು. ಪಿಯುಸಿ, ಐಟಿಐ ಮುಗಿಸಿದ ತಕ್ಷಣ ತಿಂಗಳ ಸಂಬಳ, ಮನೆ ಬಾಗಿಲಿಗೆ ಕಂಪನಿ ಬಸ್ಸು. ಮೂರೋ ಐದೋ ವರ್ಷ ಓದಿಸುವ ಬದಲು ಮಗಳನ್ನು ಅಲ್ಲಿಗೆ ಕಳುಹಿಸುವ ಅಪ್ಪನನ್ನು ನಾನು ತಪ್ಪು ಎನ್ನಲಾರೆ. ಅವನ ಮುಂದೆ ಪದವಿಯ ಮಹಿಮೆ ಹೇಳಿದರೆ ನಮ್ಮನ್ನು ಒಳ್ಳೆಯ ಮಾತಿನವರು ಎಂದು ಚಹಾ ಕೊಟ್ಟು ಕಳುಹಿಸುತ್ತಾನೆ. ವಿದ್ಯಾರ್ಥಿವೇತನ ಎಷ್ಟು, ಹಾಸ್ಟೆಲ್ ಎಲ್ಲಿದೆ, ಯಾವ ಕಾಲೇಜಿಗೆ ಯಾವ ಬಸ್ಸು, ಎರಡು ವರ್ಷ ದುಡಿದು ಆಮೇಲೆ ಯಾವುದಕ್ಕೆ ಸೇರಬಹುದು, ಯಾವುದಕ್ಕೆ ಸೇರಲು ಆಗುವುದಿಲ್ಲ ಎಂಬ ಲೆಕ್ಕ ಹೇಳಿದರೆ ಕೂತು ಕೇಳುತ್ತಾನೆ.

ಇದೆಲ್ಲ ಸಮಾಲೋಚಕರ ಕೆಲಸ, ಪ್ರಶಿಕ್ಷಣಾರ್ಥಿಗಳ ಮೇಲೆ ಇನ್ನೊಂದು ಹೊರೆ ಬೇಡ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅವರ ಮಾತಿನಲ್ಲಿ ಅರ್ಥವಿದೆ. ಪಾಠ ಯೋಜನೆ, ಘಟಕ ಪರೀಕ್ಷೆ, ದಾಖಲೆ ಪುಸ್ತಕಗಳ ನಡುವೆ ನಮ್ಮ ಪ್ರಶಿಕ್ಷಣಾರ್ಥಿಗಳು ಈಗಲೇ ಬಳಲಿದ್ದಾರೆ. ಆದರೆ ನಮ್ಮ ಹಳ್ಳಿಯ ಶಾಲೆಗಳಿಗೆ ಸಮಾಲೋಚಕರು ಬರುವುದನ್ನು ನಾನಂತೂ ನೋಡಿಲ್ಲ. ಪ್ರಶ್ನೆ ಬರುವುದು ಪ್ರಶಿಕ್ಷಣಾರ್ಥಿಯ ಮೇಜಿಗೇ. ಅದಕ್ಕೆ ಕಾರಣವೂ ಇದೆ. ಅವರು ಮಕ್ಕಳಿಗಿಂತ ಏಳೆಂಟು ವರ್ಷ ಮಾತ್ರ ದೊಡ್ಡವರು, ಈಗಷ್ಟೇ ಪದವಿ ಮುಗಿಸಿ ಬಂದವರು. ಮುಖ್ಯೋಪಾಧ್ಯಾಯರ ಹತ್ತಿರ ಕೇಳಲು ಹೆದರುವ ಮಾತನ್ನು ಮಕ್ಕಳು ಇವರ ಹತ್ತಿರ ಕೇಳುತ್ತಾರೆ. ಹೊಸ ದಾಖಲೆ ಪುಸ್ತಕ ಬೇಡ. ಬೋಧನಾಭ್ಯಾಸದ ಅವಧಿಯಲ್ಲಿ ಒಂದು ತರಗತಿಗೆ ಒಂದು ಅವಧಿ, ಅದಕ್ಕೆ ಮೊದಲು ಕಾಲೇಜಿನಲ್ಲಿ ಒಂದು ಮಧ್ಯಾಹ್ನದ ತಯಾರಿ ಸಾಕು. ಆ ತಯಾರಿಯಲ್ಲಿ ಈ ವರ್ಷದ ಪ್ರವೇಶ ನಿಯಮಗಳನ್ನು ಒಬ್ಬೊಬ್ಬರು ಒಂದೊಂದು ಕೋರ್ಸಿನಂತೆ ಓದಿ ತರಲಿ. ನಿಯಮಗಳು ಬದಲಾಗುತ್ತವೆ, ಕಳೆದ ವರ್ಷದ ಮಾತು ಈ ವರ್ಷಕ್ಕೆ ನಡೆಯುವುದಿಲ್ಲ. ಬಿ.ಸಿ.ಎ.ಯೇ 2024-25ರಿಂದ ಎಐಸಿಟಿಇ ವ್ಯಾಪ್ತಿಗೆ ಬಂದಿದೆ, ಕಾಲೇಜಿಗೆ ಆ ಅನುಮೋದನೆ ಇದೆಯೇ ಎಂದು ನೋಡಿ ಸೇರಬೇಕು.

ಆ ಅವಧಿಯಲ್ಲಿ ಪ್ರಶಿಕ್ಷಣಾರ್ಥಿ ತಾವು ತಮ್ಮ ಪದವಿಯನ್ನು ಹೇಗೆ ಆರಿಸಿಕೊಂಡೆ ಎಂದು ಐದು ನಿಮಿಷ ಇದ್ದದ್ದು ಇದ್ದ ಹಾಗೆ ಹೇಳಬೇಕು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿರುವುದು ಇದು. ಇದರಲ್ಲಿ ಕಷ್ಟವೂ ಇದೆ, ಏಕೆಂದರೆ ನಾವು ನಮ್ಮ ದಾರಿಯನ್ನು ನಂತರ ಚಂದ ಮಾಡಿ ಹೇಳುತ್ತೇವೆ.

ವಕ್ಕಲೇರಿಯ ಆ ಪ್ರಶಿಕ್ಷಣಾರ್ಥಿಗೆ ಬಸ್ಸಿನಲ್ಲಿ ಬರುವಾಗ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾರ್, ನಾನು ಬಿ.ಎ. ಸೇರಿದ್ದು ನಮ್ಮೂರಿನ ಬಸ್ಸು ಆ ಕಾಲೇಜಿನ ಮುಂದೆ ನಿಲ್ಲುತ್ತಿತ್ತು ಅಂತ. ಅದನ್ನ ಹೇಳೋದಾ?’ ಎಂದರು. ಅದನ್ನೇ ಹೇಳಿ ಎಂದೆ.

ಮುಂದಿನ ಶನಿವಾರ ಅವರು ಪಹಣಿ ಇಟ್ಟುಕೊಂಡು ಆ ಪಾಠ ಮಾಡಿದರು. ಪಾಠ ಅರ್ಧ ಚೆನ್ನಾಗಿ ಆಯಿತು, ಅರ್ಧ ಗದ್ದಲವಾಯಿತು. ಹನ್ನೆರಡನೆಯ ಕಲಮಿನ ಬೆಳೆಯ ವಿಷಯದಲ್ಲಿ ಹುಡುಗರು ಕಿತ್ತಾಡಿದರು. ಮೂರು ವರ್ಷದ ಎಲ್‌ಎಲ್.ಬಿ.ಗೂ ಐದು ವರ್ಷದ್ದಕ್ಕೂ ಇರುವ ವ್ಯತ್ಯಾಸ ಹೇಳುವಾಗ ಪ್ರಶಿಕ್ಷಣಾರ್ಥಿಯೇ ತಡವರಿಸಿದರು. ಬಸ್ಸಿನ ಮಾತು ಹೇಳಿದಾಗ ತರಗತಿ ನಕ್ಕಿತು, ಆಮೇಲೆ ಸುಮ್ಮನಾಯಿತು. ಮೂರನೆಯ ಬೆಂಚಿನ ಹುಡುಗಿ ಎದ್ದು ನಿಂತು, ‘ಮಿಸ್, ಕಂಪ್ಯೂಟರಲ್ಲಿ ಹೆಸರು ಹಾಕು ಅಂತ ಹೇಳೋದು ಯಾರು?’ ಎಂದು ಕೇಳಿದಳು. ಅವಳು ಇನ್ನೂ ಏನೂ ತೀರ್ಮಾನಿಸಿಲ್ಲ. ಗಣಿತ ಬಿಡುವುದಿಲ್ಲ ಎಂದಷ್ಟೇ ಹೇಳಿದ್ದಾಳೆ. ಅವಳ ಅಣ್ಣ ಒಂದು ದಿನ ಶಾಲೆಗೆ ಬಂದು ಮಾತಾಡುತ್ತೇನೆ ಎಂದಿದ್ದಾನಂತೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿದೆ.